ಇಪ್ಪತ್ತು ನಿಮಿಷ ಇರಬಹುದು

ಒಬ್ಬೊಬ್ಬರನ್ನಾಗಿ ಕರೆದು ಖಾಲಿ ಕೋಣೆಯಲ್ಲಿ ಕೂರಿಸುವುದು, ವಾಚು ಮೊಬೈಲು ತೆಗೆದಿಟ್ಟುಕೊಳ್ಳುವುದು, ಸರಿಯಾಗಿ ಹದಿನೆಂಟು ನಿಮಿಷದ ಮೇಲೆ ಬಾಗಿಲು ತೆಗೆದು "ಎಷ್ಟು ಹೊತ್ತಾಯಿತು ಅನ್ನಿಸ್ತಿದೆ?" ಎಂದು ಕೇಳುವುದು. ಅವಳ ಸಂಶೋಧನೆ ಇಷ್ಟೇ.

"ಇದಕ್ಕೆ ಎಂ.ಎ. ಕೊಡ್ತಾರೇನೇ?" ಎಂದು ಅಮ್ಮ ಕೇಳಿದ್ದಳು.

"ಅರವತ್ತು ಜನ ಕೂತರೆ ಕೊಡ್ತಾರೆ."

"ನಿಮ್ಮಪ್ಪ ಒಬ್ಬರೇ ಮೂವತ್ತು ವರ್ಷದಿಂದ ಸುಮ್ಮನೆ ಕೂತಿದ್ದಾರೆ. ನನಗೆ ಯಾರೂ ಏನೂ ಕೊಡಲಿಲ್ಲ."

ಆ ಮಂಗಳವಾರ ನಲವತ್ತೇಳನೆಯವನು ಬಂದ. ಹೆಸರು ಬರೆದುಕೊಳ್ಳುವ ಹಾಗಿರಲಿಲ್ಲ, ಅದು ಪ್ರಯೋಗದ ನಿಯಮ. ಬಂದವರಿಗೆಲ್ಲ ಒಂದೊಂದು ಸಂಖ್ಯೆ. ನಲವತ್ತೇಳು ತನ್ನ ವಾಚು ಬಿಚ್ಚಿ ಅವಳ ಅಂಗೈಯಲ್ಲಿಟ್ಟು, "ಗೋಡೆ ನೋಡ್ತಾ ಕೂರಬೇಕಾ, ಬಾಗಿಲು ನೋಡ್ತಾ ಕೂರಬೇಕಾ?" ಎಂದು ಕೇಳಿದ. ಈ ಪ್ರಶ್ನೆಯನ್ನು ಹಿಂದಿನ ನಲವತ್ತಾರು ಜನ ಕೇಳಿರಲಿಲ್ಲ.

"ನಿಮ್ಮಿಷ್ಟ. ಐದು ನಿಮಿಷದಲ್ಲಿ ಬರ್ತೀನಿ," ಎಂದಳು. ಅದು ಪ್ರಯೋಗದ ಮಾತು. ಬಂದವರಲ್ಲಿ ಅರ್ಧ ಜನಕ್ಕೆ ಹೀಗೆ ಸುಳ್ಳು ಹೇಳಬೇಕು, ಇನ್ನರ್ಧಕ್ಕೆ "ಹದಿನೆಂಟು ನಿಮಿಷ" ಎಂದು ನಿಜ ಹೇಳಬೇಕು. ಕೊನೆಗೆ ಯಾರಿಗೆ ಹೊತ್ತು ಹೆಚ್ಚು ಉದ್ದವಾಗಿ ಕಂಡಿತು ಎಂದು ನೋಡಬೇಕು.

ಬಾಗಿಲು ಹಾಕಿದಳು. ಗಡಿಯಾರದಲ್ಲಿ ಹನ್ನೊಂದು ಹತ್ತು.

ಆಮೇಲೆ ಅವನನ್ನು ಮರೆತುಬಿಟ್ಟಳು.

ಮರೆತದ್ದಕ್ಕೆ ಕಾರಣ ದೊಡ್ಡ ಮೇಡಂ. ಅವಳ ಗೈಡ್, ಅರವತ್ತೆರಡರ ಗಟ್ಟಿ ಹೆಂಗಸು, ಎರಡು ಕನ್ನಡಕಗಳಲ್ಲಿ ಒಂದನ್ನು ಸದಾ ಹುಡುಕುತ್ತಿರುವವರು. ಕರೆದು ಕೂರಿಸಿ, ಕಾಗದಗಳನ್ನು ಮುಂದೆ ತಳ್ಳಿದರು.

"ನೋಡಮ್ಮಾ. ನಲವತ್ತಾರು ಜನ. ಸುಳ್ಳು ಹೇಳಿಸಿಕೊಂಡವರೂ ಹದಿನೆಂಟು, ಇಪ್ಪತ್ತು ಅಂತಾರೆ. ನಿಜ ಹೇಳಿಸಿಕೊಂಡವರೂ ಹದಿನೆಂಟು, ಇಪ್ಪತ್ತು ಅಂತಾರೆ. ಎರಡು ವರ್ಷದಲ್ಲಿ ನೀನು ಕಂಡುಹಿಡಿದದ್ದು, ಜನಕ್ಕೆ ಹೊತ್ತು ತಿಳಿಯುತ್ತೆ ಅನ್ನೋದು. ಅದು ನನ್ನ ಬೆಕ್ಕಿಗೂ ಗೊತ್ತಿತ್ತು."

"ಇನ್ನೂ ಹದಿನಾಲ್ಕು ಜನ ಇದ್ದಾರೆ ಮೇಡಂ."

"ಅವರೂ ಅದನ್ನೇ ಹೇಳ್ತಾರೆ. ಈ ಫಾರಂ ತಗೋ. ಪ್ರಬಂಧ ಬಿಟ್ಟು ಬರೀ ಪರೀಕ್ಷೆಯ ಎಂ.ಎ.ಗೆ ಬದಲಾಯಿಸಿಕೊಳ್ಳೋದಕ್ಕೆ. ಸಹಿ ಮಾಡಿದರೆ ಮುಂದಿನ ವರ್ಷ ಡಿಗ್ರಿ ಕೈಯಲ್ಲಿರುತ್ತೆ. ಯಾರೂ ತಪ್ಪು ತಿಳಿಯಲ್ಲ."

ಆ ವಿಭಾಗದಲ್ಲಿ ಎರಡು ಬಗೆಯ ಎಂ.ಎ. ಇದ್ದವು. ಪಾಠ ಕೇಳಿ ಪರೀಕ್ಷೆ ಬರೆಯುವುದು ಒಂದು, ಅದಕ್ಕೆ ಐವತ್ತು ಸೀಟು. ಸ್ವಂತ ಪ್ರಶ್ನೆಯೊಂದನ್ನು ಹಿಡಿದು, ಅದರ ಬೆನ್ನು ಹತ್ತಿ, ಪ್ರಬಂಧ ಬರೆಯುವುದು ಇನ್ನೊಂದು, ಅದಕ್ಕೆ ನಾಲ್ಕೇ ಸೀಟು. ಮೊದಲನೆಯದು ಓದಿದವರಿಗೆ ಕೆಲಸ ಸಿಗುತ್ತೆ, ಎರಡನೆಯದು ಓದಿದವರಿಗೆ ತಲೆನೋವು ಸಿಗುತ್ತೆ ಎಂದು ಅವಳ ಜೊತೆಯ ಸಂಶೋಧಕಿ, ಇಪ್ಪತ್ತಮೂರರ ಚಿನಕುರುಳಿ, ಹೇಳುತ್ತಿದ್ದಳು. ಎಲ್ಲರೂ ಅವಳನ್ನು ಹಾಗೇ ಕರೆಯುತ್ತಿದ್ದರು, ಸಿಡಿಯುವುದರಲ್ಲಿ ಅಷ್ಟು ಪ್ರವೀಣೆ.

ಆ ನಾಲ್ಕರಲ್ಲಿ ಒಂದು ಸೀಟಿಗಾಗಿ, ಫಾರಂ ಮುಂದೆ ಕೂತಿದ್ದ ಅವಳು ಎರಡು ಸಲ ಪ್ರವೇಶ ಪರೀಕ್ಷೆ ಬರೆದಿದ್ದಳು, ಮೂವತ್ತೆರಡನೆಯ ವಯಸ್ಸಿನಲ್ಲಿ. ಅದಕ್ಕೆ ಮುಂಚೆ ಒಂಬತ್ತು ವರ್ಷ ಆಸ್ಪತ್ರೆಯೊಂದರ ಕೌಂಟರಿನಲ್ಲಿ ಕೂತು, ಡಾಕ್ಟರು ಯಾವಾಗ ಕರೆಯುತ್ತಾರೆ ಎಂದು ಕೇಳಿದವರಿಗೆಲ್ಲ "ಇನ್ನೈದು ನಿಮಿಷ" ಎಂದಿದ್ದಳು. ದಿನಕ್ಕೆ ನೂರು ಸಲ. ಒಂದು ದಿನ ಒಬ್ಬ ಅಜ್ಜಿ, ಇಪ್ಪತ್ತೈದು ನಿಮಿಷ ಕಾದಿದ್ದವಳು, ಕೌಂಟರಿಗೆ ಬಂದು ಮೆಲ್ಲಗೆ, "ಮಗಾ, ಈಗ ಬೆಳಗ್ಗೆಯೋ ಸಾಯಂಕಾಲವೋ?" ಎಂದು ಕೇಳಿದಳು. ಕುಹಕವಲ್ಲ. ನಿಜವಾಗಿ ಗೊತ್ತಾಗದೆ ಕೇಳಿದ್ದು. ಆ ಪ್ರಶ್ನೆ ಅವಳ ಕಾಲಿಗೆ ತೊಡರಿಕೊಂಡದ್ದು ಮತ್ತೆ ಬಿಡಲಿಲ್ಲ.

ಹೀಗಾಗಿ ಅವಳು ಫಾರಂ ಮುಟ್ಟಲಿಲ್ಲ. ವಾದ ಮಾಡಿದಳು. ಕೂತು ಮಾಡಿದಳು, ಎದ್ದು ಮಾಡಿದಳು. ದೊಡ್ಡ ಮೇಡಂ ಎರಡು ಸಲ ಕನ್ನಡಕ ಬದಲಾಯಿಸಿದರು. ಕೊನೆಗೆ, "ಸರಿ ಮಾರಾಯ್ತಿ. ಹದಿನೈದು ದಿನ. ಏನಾದರೂ ತಾ, ಇಲ್ಲವೇ ಸಹಿ ಮಾಡು," ಎಂದರು.

ಗೆದ್ದ ಖುಷಿಯಲ್ಲಿ ಹೊರಗೆ ಬಂದು ಜೇಬಿಗೆ ಕೈ ಹಾಕಿದಳು. ಅಲ್ಲೊಂದು ಗಂಡಸಿನ ವಾಚಿತ್ತು. ಅದರಲ್ಲಿ ಹನ್ನೆರಡು ನಲವತ್ತೊಂಬತ್ತು.

ಅವಳು ಕಾರಿಡಾರಿನಲ್ಲಿ ಓಡಿದ ವೇಗಕ್ಕೆ ಸೂಚನಾ ಫಲಕದ ಕಾಗದಗಳು ಹಾರಾಡಿದವು.

ಬಾಗಿಲು ತೆಗೆದರೆ, ಕೂರಿಸಿದ ಕುರ್ಚಿಯಲ್ಲೇ, ಕೂರಿಸಿದ ಹಾಗೇ ಕೂತಿದ್ದ. ಬಾಗಿಲಿನತ್ತ ಮುಖ ಮಾಡಿ. ಅವಳ ಕೆದರಿದ ಕೂದಲು, ಉಸಿರು, ತುಂಬಿದ ಕಣ್ಣು ಎಲ್ಲವನ್ನೂ ಒಂದು ಸಲ ನಿಧಾನವಾಗಿ ನೋಡಿದ.

ಏನು ಹೇಳಬೇಕೋ ತಿಳಿಯದೆ ಅವಳು ಬಾಯಿಪಾಠವಾದದ್ದನ್ನೇ ಹೇಳಿದಳು. "ಎಷ್ಟು ಹೊತ್ತಾಯಿತು ಅನ್ನಿಸ್ತಿದೆ?"

ಅವನು ಸ್ವಲ್ಪ ಯೋಚಿಸಿದ.

"ಇಪ್ಪತ್ತು ನಿಮಿಷ ಇರಬಹುದು," ಎಂದ.

ವಾಚು ತೆಗೆದುಕೊಂಡ. ಅದರ ಮುಖ ನೋಡದೆಯೇ ಕಟ್ಟಿಕೊಂಡ. ಹೊರಟುಹೋದ.

*

ಅವನ ಸಾಲನ್ನು ಪಟ್ಟಿಯಿಂದ ಹೊಡೆದುಹಾಕಬೇಕಾಯಿತು. ನಿಯಮ ತಪ್ಪಿದ ಮೇಲೆ ಮಾಹಿತಿ ಕಸಕ್ಕೆ ಸಮ. ಅವಳು ಸ್ಕೇಲಿಟ್ಟು ಗೆರೆ ಎಳೆದಳು. ಆದರೆ ಆ ಸುಳ್ಳಿನ ಮೇಲೆ ಗೆರೆ ಎಳೆಯುವುದಕ್ಕೆ ಯಾವ ಸ್ಕೇಲೂ ಇರಲಿಲ್ಲ. ಅಷ್ಟು ಸಲೀಸಾಗಿ, ಅಷ್ಟು ಮರ್ಯಾದೆಯಾಗಿ ಅವಳಿಗೆ ಈವರೆಗೆ ಯಾರೂ ಸುಳ್ಳು ಹೇಳಿರಲಿಲ್ಲ.

ಎರಡು ದಿನದ ಮೇಲೆ ವಿಭಾಗದ ನಾಲ್ಕನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದಿತ್ತು, ಲಿಫ್ಟ್ ಇರಲಿಲ್ಲ. ಅದರ ಬದಲು ನೆಲದ ಮಟ್ಟಕ್ಕೆ ಒಂದು ತಲೆ ಇತ್ತು. ಕಿವಿಯ ಮೇಲೆ ಪೆನ್ಸಿಲ್. ಮೂಗಿನ ಮೇಲೆ ಗ್ರೀಸು.

"ನೀವು!" ಎಂದಳು.

"ಹುಷಾರು ಮೇಡಂ, ಮುಂದೆ ಕಾಲಿಡಬೇಡಿ," ಎಂದಿತು ತಲೆ. "ಲಿಫ್ಟ್ ಒಂದು ಮಹಡಿ ಕೆಳಗಿದೆ. ನಾನು ಅದರ ಮೇಲೆ ನಿಂತಿದ್ದೀನಿ."

"ನೀವು ಲಿಫ್ಟ್ ರಿಪೇರಿಯವರಾ?"

"ನಿಮ್ಮ ನೋಟೀಸ್ ಓದಿದ್ದೂ ಇದರೊಳಗೇ. 'ಸುಮ್ಮನೆ ಕೂರಬಲ್ಲವರು ಬೇಕಾಗಿದ್ದಾರೆ.' ನನ್ನ ಜೀವನದಲ್ಲಿ ಯಾರೂ ಆ ಕೆಲಸಕ್ಕೆ ಕರೆದಿರಲಿಲ್ಲ."

ಅವಳು ನೆಲದ ಮೇಲೇ ಕೂತಳು, ಮುಖ ಅವನ ಮುಖದ ಮಟ್ಟಕ್ಕೆ ಬರುವ ಹಾಗೆ. ಕ್ಷಮೆ ಕೇಳಿದಳು. ಅವನು ಸ್ಪ್ಯಾನರಿನಿಂದ ಬೋಲ್ಟೊಂದನ್ನು ಬಿಗಿಮಾಡುತ್ತ ಕೇಳಿಸಿಕೊಂಡ.

"ನಿಜ ಹೇಳಿ. ಎಷ್ಟು ಹೊತ್ತು ಅನ್ನಿಸಿತ್ತು?"

"ಮೂರು ಗಂಟೆ."

"ಮತ್ತೆ ಎದ್ದು ಯಾಕೆ ಬರಲಿಲ್ಲ?"

"ಬಾಗಿಲ ಮೇಲೆ ಬೋರ್ಡ್ ಹಾಕಿದ್ರಿ. 'ಕರೆಯುವ ತನಕ ಕೂತಿರಿ' ಅಂತ." ಅವನು ಕಣ್ಣೆತ್ತಿದ. ಗಂಭೀರವಾದ ಮುಖ, ನಗುವೆಲ್ಲ ಕಣ್ಣಿನ ಮೂಲೆಯಲ್ಲಿ. "ಹದಿನಾಲ್ಕು ವರ್ಷದಿಂದ ಲಿಫ್ಟಲ್ಲಿ ಸಿಕ್ಕಿಕೊಂಡವರಿಗೆ ಫೋನಿನಲ್ಲಿ ಅದನ್ನೇ ಹೇಳ್ತಾ ಇದ್ದೀನಿ. ಬಾಗಿಲು ಎಳೀಬೇಡಿ, ಅಲ್ಲೇ ಕೂತಿರಿ, ಬರ್ತೀವಿ ಅಂತ. ನಾನೇ ಎದ್ದು ಬಂದರೆ ಹೇಗೆ?"

ಅವಳಿಗೆ ನಗು ಬಂತು. ನಗು ನಿಂತ ಮೇಲೂ ಅವನು ನೋಡುತ್ತಿದ್ದ. ಬೋಲ್ಟು ಆಗಲೇ ಬಿಗಿಯಾಗಿತ್ತು, ಆದರೂ ಇನ್ನೊಂದು ಸುತ್ತು ತಿರುಗಿಸಿದ.

"ಒಂದು ಮಾತು ಹೇಳಲಾ, ಬೇಜಾರು ಮಾಡ್ಕೋಬಾರದು," ಎಂದ. "ನಿಮ್ಮ ಕೋಣೇಲಿ ಯಾರೂ ಕಾಯ್ತಾ ಇಲ್ಲ ಮೇಡಂ. ಕೂತಿದ್ದಾರೆ ಅಷ್ಟೆ. ಅವರಿಗೆ ಹೊರಗೆ ಏನೂ ಕೆಟ್ಟು ಹೋಗ್ತಾ ಇಲ್ಲ. ನಾನೂ ಮೊದಲ ಅರ್ಧ ಗಂಟೆ ಕೂತಿದ್ದೆ. ಆಮೇಲೆ ನೀವು ಬರ್ತೀರೋ ಇಲ್ಲವೋ ಅನ್ನಿಸಿತು ನೋಡಿ, ಅವಾಗ ಕಾಯೋಕೆ ಶುರು ಮಾಡಿದೆ."

ಎರಡು ವರ್ಷ ಓದಿದ ಇನ್ನೂರು ಲೇಖನಗಳನ್ನು ಯಾರೋ ಮಡಚಿ ಜೇಬಿಗಿಟ್ಟುಕೊಂಡ ಹಾಗಾಯಿತು ಅವಳಿಗೆ. ನಲವತ್ತಾರು ಜನ ಯಾಕೆ ಒಂದೇ ಉತ್ತರ ಕೊಟ್ಟರು ಎನ್ನುವುದು ಲಿಫ್ಟಿನ ಹೊಂಡದೊಳಗಿನಿಂದ ಕೇಳಿಸಿತ್ತು.

"ನಿಜವಾಗಿ ಕಾಯೋರು ಬೇಕು ಅಂದರೆ," ಎಂದ ಅವನು, "ನನ್ನ ಹತ್ತಿರ ಪುಸ್ತಕ ಇದೆ."

*

ಪುಸ್ತಕ ಎಂದರೆ ರಟ್ಟಿನ ಹೊದಿಕೆಯ ಮೂರು ರಿಜಿಸ್ಟರು, ಅಂಚೆಲ್ಲ ಎಣ್ಣೆ ಕುಡಿದು ಪಾರದರ್ಶಕವಾಗಿದ್ದವು.

ಅವನಿಗೆ ಕೆಲಸ ಕಲಿಸಿದ ಹಳೆಯ ಮೇಸ್ತ್ರಿಯದೊಂದು ಪದ್ಧತಿಯಿತ್ತು. ಸಿಕ್ಕಿಕೊಂಡ ಲಿಫ್ಟಿನ ಹತ್ತಿರ ಬಂದ ಕೂಡಲೇ ಬಾಗಿಲಿಗೆ ಕೈ ಹಾಕಬಾರದು. ಮೊದಲು ಮೂರು ಸಲ ತಟ್ಟಬೇಕು, ಆಮೇಲೆ ಒಳಗಿದ್ದವರನ್ನು "ಎಷ್ಟು ಹೊತ್ತಾಯ್ತು ಅನ್ನಿಸ್ತಿದೆ?" ಎಂದು ಕೇಳಬೇಕು. ಉತ್ತರ ಬಂದರೆ ಮನುಷ್ಯ ಸ್ಥಿಮಿತದಲ್ಲಿದ್ದಾನೆ, ಬಾಗಿಲು ತೆಗೆದ ಕೂಡಲೇ ಹುಚ್ಚುಹುಚ್ಚಾಗಿ ಜಿಗಿಯುವುದಿಲ್ಲ. ಉತ್ತರ ಬಾರದಿದ್ದರೆ ಡಾಕ್ಟರನ್ನು ಕರೆಸಿಯೇ ತೆಗೆಯಬೇಕು. ಮೇಸ್ತ್ರಿ ಕೇಳಿ ಬಿಟ್ಟುಬಿಡುತ್ತಿದ್ದ. ಇವನು ಬರೆದಿಟ್ಟುಕೊಂಡ, ಹದಿನಾಲ್ಕು ವರ್ಷ. ಗಂಟೆ ಒತ್ತಿದ್ದು ಎಷ್ಟಕ್ಕೆ, ಬಾಗಿಲು ತೆಗೆದದ್ದು ಎಷ್ಟಕ್ಕೆ, ಫೋನಿನಲ್ಲಿ ಅವರಿಗೆ ಏನು ಹೇಳಿದ್ದರು, ಅವರು ಏನು ಅಂದರು.

"ಯಾಕೆ ಬರೆದಿಟ್ರಿ?"

"ತಮಾಷೆಯಾಗಿರ್ತಿತ್ತು. ಹತ್ತು ನಿಮಿಷ ಇದ್ದವರು ಅರ್ಧ ದಿನ ಅಂತಾರೆ. ಒಬ್ಬ ವಕೀಲರು 'ನೋಟೀಸ್ ಕಳಿಸುವಷ್ಟು ಹೊತ್ತು' ಅಂದರು."

"ಇವರ ಹೆಸರೇನೂ ಬರೆದಿಲ್ಲ?"

"ಹೊರಗೆ ಬಂದವರು ನನ್ನ ಹೆಸರು ಕೇಳಲ್ಲ. ನಾನೂ ಅವರದು ಕೇಳಲ್ಲ."

ಇನ್ನೊಂದು ಸಂಗತಿ ಕೇಳಿ ಅವಳು ಪುಟ ತಿರುಗಿಸುವುದನ್ನು ನಿಲ್ಲಿಸಿದಳು. ಕಂಪನಿಯ ಆಫೀಸಿಗೆ ಫೋನ್ ಹೋದರೆ ಅಲ್ಲಿನ ಆಪರೇಟರ್ ಎಲ್ಲರಿಗೂ "ಇನ್ನೈದು ನಿಮಿಷ" ಎನ್ನುತ್ತಿದ್ದ. ಫೋನ್ ಇವನಿಗೇ ಬಂದರೆ ಇವನು ನಿಜ ಹೇಳುತ್ತಿದ್ದ: "ಮೂವತ್ತೈದು ನಿಮಿಷ ಆಗುತ್ತೆ, ಬೆನ್ನು ಗೋಡೆಗೆ ಒರಗಿಸಿ ಕೂತ್ಕೊಳ್ಳಿ." ಯಾರ ಫೋನ್ ಯಾರಿಗೆ ಹೋಗುತ್ತದೆ ಎನ್ನುವುದು ಬರೀ ಅದೃಷ್ಟ. ಅವಳು ಕೋಣೆ ಕಟ್ಟಿ, ಸುಳ್ಳು ಪೋಣಿಸಿ ಮಾಡಲಾಗದ ಪ್ರಯೋಗ ಅಲ್ಲಿ ತಾನಾಗಿ ನಡೆದುಬಿಟ್ಟಿತ್ತು. ನಾನೂರ ಹನ್ನೆರಡು ಸಲ.

ಕಂಪನಿಯ ಮಾಲೀಕರ ಒಪ್ಪಿಗೆ ಪತ್ರ ಬಂತು. ಉಳಿದದ್ದು ಒಂದೇ ತೊಡಕು. ಅವನ ಕೈಬರಹವನ್ನು ಅವನೊಬ್ಬನೇ ಓದಬಲ್ಲವನಾಗಿದ್ದ.

ಹಾಗಾಗಿ ಹನ್ನೊಂದು ಮಧ್ಯಾಹ್ನ, ಕ್ಯಾಂಟೀನಿನ ಕಿಟಕಿ ಪಕ್ಕದ ಮೇಜಿನಲ್ಲಿ ಅವನು ಓದಿದ, ಅವಳು ಟೈಪು ಮಾಡಿದಳು.

"'ಎರಡು ಜನ, ಐದನೇ ಮಹಡಿ. ಇದ್ದದ್ದು ಹನ್ನೆರಡು ನಿಮಿಷ. ಇನ್ನೈದು ನಿಮಿಷ ಅಂತ ಹೇಳಿದ್ದು. ಅವರಂದದ್ದು ಒಂದು ಗಂಟೆ.'"

"ಇಬ್ಬರೂ ಒಂದೇ ಅಂದರಾ?"

"ಗಂಡ ಹೆಂಡತಿ. ಗಂಡ ಒಂದು ಗಂಟೆ ಅಂದರು. ಹೆಂಡತಿ, 'ಮದುವೆಯಾದಾಗಿನಿಂದ' ಅಂದರು. ಅದನ್ನ ಬರೀಲಿಲ್ಲ."

"ಬರೀಬೇಕಿತ್ತು! ಅದೂ ಮಾಹಿತಿಯೇ!"

"ನನ್ನನ್ನು ಬೈಬೇಡಿ ಮೇಡಂ, ಅವಾಗ ನನಗೆ ನೀವು ಗೊತ್ತಿರಲಿಲ್ಲ."

ಹಾಗೆ ಹೇಳುವಾಗ ಅವನು ಪುಟದಿಂದ ಕಣ್ಣು ತೆಗೆಯಲಿಲ್ಲ. ಹಳೆಯದು ನೆನಪು ಮಾಡಿಕೊಳ್ಳುವಾಗ ಮಾತ್ರ ಚಾವಣಿಯತ್ತ ನೋಡುತ್ತಿದ್ದ. ಆಗ ಅವಳು ಅವನನ್ನು ನಿಶ್ಚಿಂತೆಯಿಂದ ನೋಡಬಹುದಿತ್ತು. ಕೆಳತುಟಿಯ ಕೆಳಗೊಂದು ಹಳೆಯ ಗಾಯದ ಗೆರೆ. ಕಿವಿಯ ಮೇಲೆ ಪೆನ್ಸಿಲಿಟ್ಟುಕೊಂಡೇ ಪೆನ್ಸಿಲ್ ಹುಡುಕುವ ಬೆರಳು. ಅವಳು ಹೇಳುತ್ತಿರಲಿಲ್ಲ. ಅವನು ಜೇಬುಗಳನ್ನೆಲ್ಲ ತಟ್ಟಿ ಮುಗಿಸುವ ತನಕ ನೋಡುತ್ತಿದ್ದು, ಆಮೇಲೆ ಕೈ ಚಾಚಿ ಪೆನ್ಸಿಲ್ ತೆಗೆದು ಕೊಡುತ್ತಿದ್ದಳು. ಅವನು ಥ್ಯಾಂಕ್ಸ್ ಎನ್ನುತ್ತಿದ್ದ. ಮೂರನೇ ದಿನದ ಹೊತ್ತಿಗೆ ಅವನು ನಿಜವಾಗಿ ಮರೆಯುತ್ತಿದ್ದಾನೋ ಇಲ್ಲವೋ ಎಂದು ಅವಳಿಗೆ ಸಂಶಯ ಬಂತು. ಪರೀಕ್ಷಿಸಲಿಲ್ಲ. ಎಲ್ಲವನ್ನೂ ಪರೀಕ್ಷಿಸಬಾರದು.

ಏಳನೇ ಮಧ್ಯಾಹ್ನ ಕ್ಯಾಂಟೀನಿನವರು ಕುರ್ಚಿಗಳನ್ನು ಮೇಜಿನ ಮೇಲೆ ಏರಿಸತೊಡಗಿದಾಗ ಅವಳು, "ಇಷ್ಟು ಬೇಗ ಯಾಕೆ ಮುಚ್ತೀರಿ? ಈಗಿನ್ನೂ ಬಂದೆವು," ಎಂದಳು.

"ಐದು ಗಂಟೆ ಅಕ್ಕಾ. ನೀವು ಬಂದಿದ್ದು ಎರಡಕ್ಕೆ."

ಅವಳು ಅವನತ್ತ ನೋಡಿದಳು. ಅವನು ಪುಸ್ತಕ ಮುಚ್ಚಿ, ಅದನ್ನು ತೀರಾ ನೆಟ್ಟಗೆ ಜೋಡಿಸುವುದರಲ್ಲಿ ಮುಳುಗಿದ್ದ.

ಮೂರು ಗಂಟೆಯ ಹೊತ್ತು ಇಪ್ಪತ್ತು ನಿಮಿಷವಾಗಿ ಕಾಣುವುದಕ್ಕೆ ಮನಃಶಾಸ್ತ್ರದಲ್ಲಿ ಒಂದು ವಿವರಣೆ ಇದೆ. ಮನಃಶಾಸ್ತ್ರ ಓದದವರಲ್ಲಿ ಅದಕ್ಕೊಂದು ಹೆಸರೂ ಇದೆ.

*

ಹದಿಮೂರನೇ ದಿನ ಫಲಿತಾಂಶ ಬಂತು. ನಿಜ ಹೇಳಿಸಿಕೊಂಡವರು, ಮುಕ್ಕಾಲು ಗಂಟೆ ಇದ್ದರೂ, ಹೆಚ್ಚುಕಡಿಮೆ ಮುಕ್ಕಾಲು ಗಂಟೆ ಎಂದೇ ಹೇಳಿದ್ದರು. "ಇನ್ನೈದು ನಿಮಿಷ" ಎಂದು ಹೇಳಿಸಿಕೊಂಡವರು ಹನ್ನೆರಡು ನಿಮಿಷವನ್ನು ಮೂರು ಪಟ್ಟು, ನಾಲ್ಕು ಪಟ್ಟು ಹಿಗ್ಗಿಸಿದ್ದರು. ಅವಳು ಪರದೆಯ ಮುಂದೆ ಕೂತು ಆ ಅಜ್ಜಿಯನ್ನು ನೆನೆದಳು. ಹೊತ್ತನ್ನು ಉದ್ದ ಮಾಡಿದ್ದು ಡಾಕ್ಟರಲ್ಲ, ಕೌಂಟರಿನಲ್ಲಿದ್ದ ತಾನು.

ಇನ್ನು ಉಳಿದದ್ದು, ಗೈಡ್ ಒಪ್ಪಿದ ಮೇಲೆ ನೈತಿಕ ಸಮಿತಿಗೆ ಹೋಗುವ ಅನುಮತಿಯ ಫಾರಂ. ಒಂಬತ್ತು ಕಲಂ. ಎಂಟನ್ನು ಸರಸರ ತುಂಬಿದಳು. ಒಂಬತ್ತನೆಯದು: *ಮಾಹಿತಿ ಒದಗಿಸಿದವರಿಗೂ ಸಂಶೋಧಕರಿಗೂ ಇರುವ ಸಂಬಂಧ.*

ಪೆನ್ನು ಅಲ್ಲೇ ನಿಂತಿತು.

"'ಯಾವುದೂ ಇಲ್ಲ' ಅಂತ ಬರೀರಿ ಅಕ್ಕಾ," ಎಂದಳು ಹಿಂದೆ ನಿಂತು ಇಣುಕುತ್ತಿದ್ದ ಚಿನಕುರುಳಿ. "ಎಲ್ಲರೂ ಹಾಗೇ ಬರೀತಾರೆ."

"ಅದು ನಿಜವಾ?"

"ನೀವಿಬ್ಬರೂ ಬಾಯಿಬಿಟ್ಟು ಏನಾದರೂ ಹೇಳಿದ್ದೀರಾ? ಇಲ್ಲ ತಾನೇ? ಮತ್ತೆ ಇಲ್ಲ ಅಂದರೆ ಇಲ್ಲ. ಪೆನ್ಸಿಲ್ ತೆಗೆದುಕೊಡೋದು ಸಂಬಂಧ ಆಗುತ್ತಾ?"

"ನೀನು ನೋಡಿದ್ದೀಯಾ?"

"ಇಡೀ ಕ್ಯಾಂಟೀನ್ ನೋಡಿದೆ ಅಕ್ಕಾ. ಕ್ಯಾಷಿಯರ್ ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಪ್ರಾಕ್ಟೀಸ್ ಮಾಡ್ತಿದ್ದ."

ನಗಬೇಕಿತ್ತು, ನಗು ಬರಲಿಲ್ಲ. 'ಇಲ್ಲ' ಎಂದು ಬರೆದರೆ ನಾಡಿದ್ದೇ ಅನುಮತಿ. ಇದ್ದದ್ದನ್ನು ಬರೆದರೆ, ತಾನು ಪ್ರೀತಿಸುವವನು ಓದಿಹೇಳಿದ ಅಂಕಿಗಳನ್ನು ಯಾರು ನಂಬುತ್ತಾರೆ? ಪ್ರಬಂಧವೇ ಕೈಬಿಟ್ಟು ಹೋಗಬಹುದು. ಎರಡು ಸಲ ಬರೆದ ಪ್ರವೇಶ ಪರೀಕ್ಷೆ, ಬಿಟ್ಟ ಕೆಲಸ, ಅಮ್ಮನ ಮುಂದೆ ಕೊಚ್ಚಿಕೊಂಡದ್ದು, ಎಲ್ಲವೂ ಒಂದು ಕಲಮಿನ ಮೇಲೆ ಬಂದು ಕೂತಿದ್ದವು.

ಆದರೆ ಅವಳ ಪ್ರಬಂಧ ಹೇಳುವುದೇ ಒಂದು ಮಾತು: ಸಣ್ಣ ಸುಳ್ಳು ಹೇಳಿ ಕೂರಿಸಿದರೆ ಕಾಯುವವರಿಗೆ ಹೊತ್ತು ಬೆಳೆಯುತ್ತದೆ. ಅಂಥ ಪ್ರಬಂಧದ ಹೊಸ್ತಿಲಲ್ಲೇ ಒಂದು ಸಣ್ಣ ಸುಳ್ಳು ಇಟ್ಟು ಒಳಗೆ ಹೋಗುವುದಕ್ಕೆ ಅವಳಿಗೆ ಮನಸ್ಸಾಗಲಿಲ್ಲ.

ಬರೆದಳು. ತಾನೇ ಹೋಗಿ ದೊಡ್ಡ ಮೇಡಂ ಮೇಜಿನ ಮೇಲಿಟ್ಟಳು.

ದೊಡ್ಡ ಮೇಡಂ ಎಂಟು ಕಲಂ ಒಂದು ಕನ್ನಡಕದಲ್ಲಿ ಓದಿದರು. ಒಂಬತ್ತನೆಯದಕ್ಕೆ ಇನ್ನೊಂದು ಹಾಕಿಕೊಂಡು ಗಟ್ಟಿಯಾಗಿ ಓದಿದರು.

"'ಪ್ರೀತಿ. ಒಂದು ಕಡೆಯಿಂದ ಖಚಿತ. ಇನ್ನೊಂದು ಕಡೆ ವಿಚಾರಿಸಿಲ್ಲ.'"

ಕನ್ನಡಕ ತೆಗೆದು ಫಾರಂ ಮೇಲಿಟ್ಟರು.

"ಮೂವತ್ತೊಂದು ವರ್ಷದಿಂದ ಈ ಫಾರಂ ಓದ್ತಾ ಇದ್ದೀನಿ," ಎಂದರು ಮೇಡಂ. "ಈ ಕಲಮಿನಲ್ಲಿ ಯಾರಾದರೂ ಏನಾದರೂ ಬರೆದದ್ದು ಇದೇ ಮೊದಲು."

"ಇದರಿಂದ ಪ್ರಬಂಧ ಹೋಗುತ್ತಾ ಮೇಡಂ?"

"ಪುಸ್ತಕ ನಿನ್ನ ಪ್ರೀತಿಗಿಂತ ಹಳೇದು, ಅದಕ್ಕೇನೂ ಆಗಲ್ಲ. ಆದರೆ ನೀವಿಬ್ಬರೂ ಸೇರಿ ಟೈಪು ಮಾಡಿದ್ದು ಪೂರ್ತಿ ಅಳಿಸು. ಆ ಚಿನಕುರುಳಿ ಮೊದಲಿಂದ ಟೈಪು ಮಾಡಲಿ. ನಿನ್ನ ಪ್ರಶ್ನೆ ಏನು ಅಂತ ಅವಳಿಗೆ ತಿಳೀಬಾರದು."

"ಅವಳಿಗೆ ಗೊತ್ತು ಮೇಡಂ. ಎಲ್ಲರಿಗೂ ಎಲ್ಲ ಗೊತ್ತು."

"ಹಾಗಾದರೆ ಸಂಖ್ಯಾಶಾಸ್ತ್ರದವರಿಂದ ಯಾರನ್ನಾದರೂ ಕರೆಸ್ತೀನಿ. ಆ ಕೈಬರಹ ಕಲಿತು ಓದಲಿಕ್ಕೇ ಎರಡು ತಿಂಗಳು ಬೇಕು. ನಿನ್ನ ಡಿಗ್ರಿ ಅರ್ಧ ವರ್ಷ ಮುಂದೆ ಹೋಗುತ್ತೆ. ಒಪ್ಪಿಗೆಯಾ?"

"ಒಪ್ಪಿಗೆ."

"ಯೋಚನೆ ಕೂಡ ಮಾಡಲಿಲ್ಲವಲ್ಲೇ! ಸರಿ, ಪ್ರಬಂಧ ಒಪ್ಪಿಸುವ ತನಕ ಆ ಮನುಷ್ಯ ಈ ವಿಭಾಗದೊಳಗೆ ಕಾಲಿಡಬಾರದು. ಲಿಫ್ಟಿನಲ್ಲಿ ಇಡಬಹುದು, ಇಲ್ಲದಿದ್ದರೆ ನನ್ನ ಮೊಣಕಾಲಿನ ಗತಿಯೇನು?" ಫಾರಂ ಅವಳತ್ತ ತಳ್ಳಿದರು. "ಇದನ್ನ ತಗೊಂಡು ಹೋಗು."

"ಯಾಕೆ ಮೇಡಂ? ಒಪ್ಪಿದ್ರಲ್ಲ?"

"'ಇನ್ನೊಂದು ಕಡೆ ವಿಚಾರಿಸಿಲ್ಲ' ಅಂದರೇನು? ಅರ್ಧ ಮಾಹಿತಿ ತಂದು ಮುಂದಿಡೋದನ್ನ ನಾನು ಕಲಿಸಿದ್ದೀನಾ? ವಿಚಾರಿಸಿ ಬಾ."

*

ಲಿಫ್ಟ್ ನಿಲ್ಲಿಸಿದ್ದರು, ಅಂದರೆ ಅವನು ಮೇಲಿದ್ದ. ಅವಳು ತಾರಸಿಯ ತನಕ ಮೆಟ್ಟಿಲು ಹತ್ತಿದಳು. ಮೋಟಾರು ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಬಿಸಿ ಎಣ್ಣೆಯ ವಾಸನೆ, ದೊಡ್ಡ ಹಸಿರು ಚಕ್ರ, ಅದರ ಪಕ್ಕದಲ್ಲಿ ತೋಳು ಮಡಚಿಕೊಂಡ ಅವನು.

"ಇಲ್ಲಿಗೆ ಯಾರೂ ಬರಬಾರದು ಮೇಡಂ. ಬಾಗಿಲ ಮೇಲೆ ಬೋರ್ಡ್ ಇದೆ."

"ಬೋರ್ಡ್ ಓದಿ ನಡೆಯೋರು ನೀವು. ನಾನಲ್ಲ." ಫಾರಂ ಚಾಚಿದಳು. "ಒಂಬತ್ತನೇ ಕಲಂ."

ಅವನು ಬಟ್ಟೆಯ ತುಂಡಿನಲ್ಲಿ ಕೈ ಒರೆಸಿಕೊಂಡ. ಸಾಲದು ಎನ್ನಿಸಿ ಇನ್ನೊಂದು ಸಲ ಒರೆಸಿಕೊಂಡ. ಕಾಗದವನ್ನು ಅಂಚಿನಲ್ಲಿ ಹಿಡಿದು ಓದಿದ. ತುಂಬ ಹೊತ್ತು ಓದಿದ, ಎರಡು ಸಾಲನ್ನು.

"ಓದೋಕೆ ಆಗ್ತಿಲ್ಲ," ಎಂದ.

"ಏನು?"

"ಕೈಬರಹ ಸರಿಯಿಲ್ಲ. ನನ್ನದನ್ನ ನಾನು ಹನ್ನೊಂದು ದಿನ ಓದಿ ಹೇಳಿದೆ. ನಿಮ್ಮದನ್ನ ನೀವು ಓದಿ ಹೇಳಿ."

ಕಣ್ಣಿನ ಮೂಲೆಯಲ್ಲಿ ಆ ನಗು ಬಂದು ಕೂತಿತ್ತು. ಅವಳಿಗೆ ಸಿಟ್ಟು ಬಂತು, ನಾಚಿಕೆ ಬಂತು, ಎರಡನ್ನೂ ಹಿಂದಕ್ಕೆ ತಳ್ಳಿ ಹಟ ಮುಂದೆ ಬಂತು. ಹಟದಿಂದಲೇ ಇಲ್ಲಿಯ ತನಕ ಬಂದವಳು.

"ಪ್ರೀತಿ," ಎಂದು ಓದಿದಳು. ಮೋಟಾರು ಕೋಣೆಯಲ್ಲಿ ಆ ಮಾತು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಕೇಳಿಸಿತು. "ಒಂದು ಕಡೆಯಿಂದ ಖಚಿತ."

"ಯಾವ ಕಡೆ?"

"ಈ ಕಡೆ." ಬೆರಳನ್ನು ತನ್ನ ಎದೆಗೇ ಚುಚ್ಚಿಕೊಂಡಳು. "ಇನ್ನೊಂದು ಕಡೆ ವಿಚಾರಿಸಿಲ್ಲ. ಈಗ ವಿಚಾರಿಸ್ತಾ ಇದ್ದೀನಿ."

ಅವನು ಜೇಬುಗಳನ್ನು ತಟ್ಟಿದ. ಎಡ, ಬಲ, ಹಿಂದೆ. ಅವಳು ಕೈ ಚಾಚಿ ಕಿವಿಯ ಮೇಲಿನ ಪೆನ್ಸಿಲ್ ತೆಗೆದಳು. ಈ ಸಲ ಕೈಯನ್ನು ಅವನು ಹಿಂದಕ್ಕೆ ಹೋಗಗೊಡಲಿಲ್ಲ. ಪೆನ್ಸಿಲು, ಅವಳ ಬೆರಳು ಎರಡನ್ನೂ ಒಟ್ಟಿಗೆ ಹಿಡಿದುಕೊಂಡೇ, ಮೋಟಾರಿನ ಮೇಲೆ ಕಾಗದವಿಟ್ಟು, ಅವಳ ಸಾಲಿನ ಕೆಳಗೆ ರಿಜಿಸ್ಟರಿನಲ್ಲಿ ಬರೆಯುವ ಹಾಗೆ ಬರೆದ. ಅವಳು ಬಗ್ಗಿ ನೋಡಿದಳು. ಹನ್ನೊಂದು ದಿನದಲ್ಲಿ ಆ ಅಕ್ಷರ ಓದುವುದು ಅವಳಿಗೆ ಬಂದುಬಿಟ್ಟಿತ್ತು.

*ಇನ್ನೊಂದು ಕಡೆಯೂ ಖಚಿತ. ಮಂಗಳವಾರ 12.50ರಿಂದ.*

ಹನ್ನೆರಡು ಐವತ್ತು. ಅವಳು ಕೂದಲು ಕೆದರಿಕೊಂಡು ಬಾಗಿಲು ತೆಗೆದ ನಿಮಿಷ. ಅವನು ವಾಚು ನೋಡಿರಲಿಲ್ಲ ಎಂದುಕೊಂಡಿದ್ದಳು.

ಇಬ್ಬರ ಬೆರಳುಗಳೂ ಪೆನ್ಸಿಲಿನ ಸುತ್ತ ಹಾಗೇ ಇದ್ದವು. ಎಷ್ಟು ಹೊತ್ತು ಎಂದು ಅವಳು ಆಮೇಲೆ ಎಷ್ಟು ಯೋಚಿಸಿದರೂ ತಿಳಿಯಲಿಲ್ಲ.

"ನಿಮ್ಮ ಮನೆಗೆ ಬಂದು ಮಾತಾಡಲಾ?" ಎಂದ ಕೊನೆಗೆ. "ಯಾವಾಗ ಬರಲಿ?"

ಒಂಬತ್ತು ವರ್ಷದ ಅಭ್ಯಾಸ ನಾಲಿಗೆಯ ತುದಿಗೆ ಬಂತು. ಸ್ವಲ್ಪ ದಿನ, ಇನ್ನೇನು, ಇಗೋ ಈಗ. ಅವಳು ನುಂಗಿಕೊಂಡಳು.

"ಏಳು ತಿಂಗಳು," ಎಂದಳು. "ಎರಡು ತಿಂಗಳು ಮತ್ತೆ ಟೈಪು ಮಾಡೋಕೆ. ಒಂದು ಲೆಕ್ಕ ಹಾಕೋಕೆ. ಮೂರು ಬರೆಯೋಕೆ. ಒಂದು ದೊಡ್ಡ ಮೇಡಂ ಬೈಯೋಕೆ. ಅಷ್ಟರ ತನಕ ನನ್ನ ತಲೇಲಿ ಅದೊಂದೇ ಇರುತ್ತೆ, ನೀವು ವಿಭಾಗಕ್ಕೂ ಬರೋ ಹಾಗಿಲ್ಲ. ಕಡಿಮೆ ಹೇಳಿ ಸಮಾಧಾನ ಮಾಡಲ್ಲ. ಆಗಲ್ಲ ಅಂದರೆ ಈಗಲೇ ಹೇಳಿಬಿಡಿ."

ಅವನು ತಲೆಯಾಡಿಸಿದ, ಫೋನಿನಲ್ಲಿ ತನ್ನ ಮಾತು ಕೇಳಿಸಿಕೊಂಡವರು ಲಿಫ್ಟಿನೊಳಗೆ ಕೂತು ಆಡಿಸುತ್ತಿದ್ದಿರಬಹುದಾದ ಹಾಗೆ.

"ಬೆನ್ನು ಗೋಡೆಗೆ ಒರಗಿಸಿ ಕೂತಿರ್ತೀನಿ," ಎಂದ.

*

ಆ ಏಳು ತಿಂಗಳಲ್ಲಿ ಆ ಕಟ್ಟಡದ ಲಿಫ್ಟ್ ಒಂದು ಸಲವೂ ಕೆಡಲಿಲ್ಲ. ಆದರೂ ವಾರಕ್ಕೊಮ್ಮೆ ತಪಾಸಣೆ ತಪ್ಪಲಿಲ್ಲ. ನೆಲಮಹಡಿಯಿಂದ ನಾಲ್ಕನೆಯದಕ್ಕೆ ಇಪ್ಪತ್ತಾರು ಸೆಕೆಂಡು, ಅದರಲ್ಲಿ ಅವರು ವಾರದ ಮಾತನ್ನೆಲ್ಲ ಆಡುತ್ತಿದ್ದರು.

"ಎಷ್ಟನೇ ಅಧ್ಯಾಯ?"

"ಮೂರು. ಎರಡನೇದನ್ನ ಮೇಡಂ ಹರಿದು ಹಾಕಿದರು."

"ಪೂರ್ತಿನಾ?"

"ಅರ್ಧ. ಉಳಿದರ್ಧ ನಾನೇ ಹರಿದೆ."

ನಾಲ್ಕನೇ ಮಹಡಿ. ಬಾಗಿಲು. ಅವಳು ಹೊರಗೆ, ಅವನು ಒಳಗೆ.

ಅಮ್ಮನಿಗೆ ಯಾರೂ ಹೇಳಿರಲಿಲ್ಲ, ಆದರೂ ಗೊತ್ತಾಗಿತ್ತು. "ಮೊದಲು ಬರೀತಾ ಬರೀತಾ ಅಳ್ತಿದ್ದೆ. ಈಗ ಬರೀತಾ ಬರೀತಾ ನಗ್ತೀಯ," ಎಂದಳು. "ಯಾರೇ ಅವನು?"

"ಪ್ರಬಂಧ ಮುಗೀಲಿ, ಹೇಳ್ತೀನಿ."

"ಅಷ್ಟು ಹೊತ್ತು ಸುಮ್ಮನೆ ಕೂತಿರ್ತಾನಾ?"

"ಕೂತಿರ್ತಾನಮ್ಮ. ಅದರಲ್ಲಿ ಅವನದು ಎತ್ತಿದ ಕೈ."

ಅಮ್ಮ ಒಳಕೋಣೆಯತ್ತ, ಅಪ್ಪ ಕೂತಿದ್ದ ಕಡೆ, ಒಂದು ಸಲ ನೋಡಿದಳು. "ಅಂಥವರೇ ಸಿಗ್ತಾರೆ ನೋಡು ನಮ್ಮ ಮನೆಗೆ," ಎಂದಳು. ದನಿಯಲ್ಲಿ ಮಾತ್ರ ದೂರಿರಲಿಲ್ಲ.

ಸಂಖ್ಯಾಶಾಸ್ತ್ರದವರು ಹೊಸದಾಗಿ ಟೈಪು ಮಾಡಿ ತೆಗೆದ ಫಲಿತಾಂಶ ಮೊದಲಿನದಕ್ಕಿಂತ ಒಂದು ಕೂದಲೆಳೆ ಕಡಿಮೆಯಿತ್ತು, ಆದರೆ ನಿಂತಿತ್ತು. ಯಾರು ತಳ್ಳಿದರೂ ಬೀಳದ ಹಾಗೆ ನಿಂತಿತ್ತು. ಅವಳು ನೂರ ಎಪ್ಪ‌ತ್ತೆರಡು ಪುಟ ಬರೆದಳು. ಅರ್ಪಣೆಯ ಪುಟದಲ್ಲಿ ಯಾರ ಹೆಸರನ್ನೂ ಹಾಕಲಿಲ್ಲ. 'ಬೆಳಗ್ಗೆಯೋ ಸಾಯಂಕಾಲವೋ ಎಂದು ಕೇಳಿದವರಿಗೆ' ಎಂದಷ್ಟೇ ಬರೆದಳು.

ಒಪ್ಪಿಸಿದ್ದು ಏಳು ತಿಂಗಳು ಹತ್ತೊಂಬತ್ತು ದಿನಕ್ಕೆ. ಆ ಹತ್ತೊಂಬತ್ತು ದಿನದ ಸುದ್ದಿಯನ್ನೂ ಅವಳು ಮೂರು ವಾರ ಮುಂಚೆಯೇ, ಎರಡನೇ ಮಹಡಿಗೂ ಮೂರನೆಯದಕ್ಕೂ ನಡುವೆ, ಹೇಳಿಬಿಟ್ಟಿದ್ದಳು.

ದೊಡ್ಡ ಮೇಡಂ ಕೊನೆಯ ಪುಟಕ್ಕೆ ಸಹಿ ಹಾಕಿ, ಕನ್ನಡಕದ ಮೇಲಿಂದ ನೋಡಿ, "ಇನ್ನೂ ಇಲ್ಲೇ ಯಾಕೆ ನಿಂತಿದ್ದೀಯಾ?" ಎಂದರು.

ಅವಳು ಕಾರಿಡಾರಿನಲ್ಲಿ ಓಡಿದಳು. ಸೂಚನಾ ಫಲಕದ ಕಾಗದಗಳು ಮತ್ತೆ ಹಾರಿದವು. ಲಿಫ್ಟ್ ನಾಲ್ಕನೇ ಮಹಡಿಯಲ್ಲೇ ನಿಂತಿತ್ತು, ಬಾಗಿಲು ಮುಚ್ಚಿತ್ತು, 'ತಪಾಸಣೆಯಲ್ಲಿದೆ' ಎಂಬ ಬೋರ್ಡು ನೇತಾಡುತ್ತಿತ್ತು. ಒಳಗೆ ಸ್ಪ್ಯಾನರಿನ ಸದ್ದು.

ಅವಳು ಉಸಿರು ಹಿಡಿದುಕೊಂಡಳು. ಮೂರು ಸಲ ತಟ್ಟಿದಳು.

ಸದ್ದು ನಿಂತಿತು.

"ಒಳಗಿರೋರು," ಎಂದಳು ಗಟ್ಟಿಯಾಗಿ, "ಎಷ್ಟು ಹೊತ್ತಾಯ್ತು ಅನ್ನಿಸ್ತಿದೆ?"

ಬಾಗಿಲಿನ ಆಚೆ ಯಾರೋ ಯೋಚಿಸುತ್ತಿದ್ದರು.

"ಇಪ್ಪತ್ತು ನಿಮಿಷ ಇರಬಹುದು."

"ಸುಳ್ಳು!"

"ಈ ಸಲ ಅಲ್ಲ," ಎಂದ ಅವನು, ಬಾಗಿಲು ತೆಗೆದ.